ಎರಿಮಣ್ಣು ತಿಂದ ಮಿರುಗು

ಮುಂಗಾರಿನಲ್ಲಿ ಆಳಂದ, ಅಫಜಲಪುರ, ಜೇವರ್ಗಿ ಸೀಮೆಯ ಹೊಲದ ದಾರಿ ಹಿಡಿದ ಗಾಡಿಗೆ ಎರಿಮಣ್ಣು ಮೆತ್ತದೆ ಬಿಡುವುದಿಲ್ಲ. ಗಾಲಿಗೆ ಸುತ್ತಿ ಮಡ್‌ಗಾರ್ಡಿನಲ್ಲಿ ಸಿಕ್ಕಿಕೊಂಡ ಮಣ್ಣನ್ನು ಕಟ್ಟಿಗೆಯಿಂದ ಕೆರೆದು ತೆಗೆಯಲೇಬೇಕು, ಇಲ್ಲದಿದ್ದರೆ ಗಾಡಿ ಮುಂದಕ್ಕೆ ಹೋಗದು. ಎಂಜಿನ್ನಿಗೆ ಸಿಡಿದ ಮಣ್ಣಿನ ಕಡೆಗೆ ಮಾತ್ರ ಲಕ್ಷ್ಯ ಹೋಗುವುದಿಲ್ಲ. ಅದು ಬಿಸಿಗೆ ಅಲ್ಲೇ ಒಣಗುತ್ತದೆ, ಮರುದಿನದ ಮಳೆಗೆ ಮತ್ತೆ ಹಸಿಯಾಗುತ್ತದೆ. ಹೀಗೆ ಮಳೆಗಾಲದ ಮೇಲೆ ಮಳೆಗಾಲ ಕಳೆದಾಗ ಥಳಥಳಿಸುತ್ತಿದ್ದ ಎಂಜಿನ್ ಕವರು ಬೂದುಬಣ್ಣಕ್ಕೆ ತಿರುಗುತ್ತದೆ. ಬೆರಳಿಟ್ಟರೆ ಬಿಳಿ ಪುಡಿ ಹತ್ತುತ್ತದೆ. ಗಾಡಿ ಹಳತಾಯಿತು ಎಂದು ಮಂದಿ ಸುಮ್ಮನಾಗುತ್ತಾರೆ. ನಿಜವಾಗಿ ಹಾಳಾದದ್ದು ಮೇಲಿನ ತೆಳುವಾದ ಪದರ ಮಾತ್ರ. ಅದರಡಿಯ ಲೋಹ ಮೊದಲಿನಷ್ಟೇ ಗಟ್ಟಿಯಾಗಿರುತ್ತದೆ, ಮತ್ತು ಅದನ್ನು ಮನೆಯಂಗಳದಲ್ಲೇ ಮರಳಿ ಹೊರತರಬಹುದು.

ಈ ಕವರುಗಳು ಅಪ್ಪಟ ಅಲ್ಯುಮಿನಿಯಂನವಲ್ಲ. ಕರಗಿದ ಲೋಹ ಅಚ್ಚಿನ ಮೂಲೆಮೂಲೆಗೆ ಹರಿಯಲೆಂದು ಸಿಲಿಕಾನ್ ಬೆರೆಸಿ ಎರಕ ಹೊಯ್ದ ಮಿಶ್ರಲೋಹದವು. ಗಾಳಿ ತಾಗಿದ ಕ್ಷಣದಲ್ಲೇ ಅಲ್ಯುಮಿನಿಯಂ ಮೇಲೆ ಕೆಲವೇ ನ್ಯಾನೋಮೀಟರ್ ದಪ್ಪದ ಆಕ್ಸೈಡ್ ಪೊರೆ ಕಟ್ಟುತ್ತದೆ. ಕಬ್ಬಿಣದ ತುಕ್ಕು ಹಕ್ಕಳೆಯಾಗಿ ಉದುರಿ ಒಳಗಿನ ಲೋಹವನ್ನು ಮತ್ತೆ ಬಯಲಿಗೆ ಹಾಕುತ್ತದೆ. ಈ ಪೊರೆ ಹಾಗಲ್ಲ, ಗಟ್ಟಿಯಾಗಿ ಕೂತು ಲೋಹವನ್ನು ಕಾಯುತ್ತದೆ. ಆದರೆ ಕಾವಲಿಗೂ ಮಿತಿಯುಂಟು. ಹೆಚ್ಚುಕಡಿಮೆ ಪಿಎಚ್ 4ರಿಂದ 8.5ರ ನಡುವೆ ಮಾತ್ರ ಅದು ಭದ್ರ. ಅದಕ್ಕಿಂತ ಹುಳಿಯಾದರೂ ಕ್ಷಾರವಾದರೂ ಪೊರೆ ಕರಗತೊಡಗುತ್ತದೆ. ಭೀಮಾ ತೀರದ ಕಪ್ಪು ನೆಲ ಸಾಮಾನ್ಯವಾಗಿ ಕ್ಷಾರದ ಕಡೆಗೇ ವಾಲಿದ್ದು. ತೊಗರಿಗೆ ತೇವ ಹಿಡಿದುಕೊಡುವ ಅದೇ ಜಿಗುಟು ಗುಣ ಕವರಿನ ಮೇಲೂ ನೀರನ್ನು ತಾಸುಗಟ್ಟಲೆ ಹಿಡಿದಿಡುತ್ತದೆ. ಮಣ್ಣಿನಲ್ಲಿ ಲವಣದ ಅಂಶ ಸೇರಿದ್ದರೆ ಪೊರೆ ಅಲ್ಲಲ್ಲಿ ತೂತಾಗಿ ಸಣ್ಣ ಸಣ್ಣ ಕುಳಿ ಬೀಳುತ್ತವೆ. ಬೂದಿ, ವಾಶಿಂಗ್ ಸೋಡಾ ಹಾಕಿ ತಿಕ್ಕಿದ ಜರ್ಮನ್ (ಅಲ್ಯುಮಿನಿಯಂ) ಪಾತ್ರೆ ಕಪ್ಪಾಗುವುದಕ್ಕೂ ಈ ಕ್ಷಾರವೇ ಕಾರಣ.

ಖಂಡೇಪೂಜೆಯ ಹಿಂದಿನ ದಿನ ಗಾಡಿ ತೊಳೆಯುವ ಗಡಿಬಿಡಿಯಲ್ಲಿ ಕೆಲವರು ಬಚ್ಚಲು ತೊಳೆಯುವ ಆಸಿಡ್ ಹಚ್ಚುವುದುಂಟು, ಇನ್ನು ಕೆಲವರು ಕಾಸ್ಟಿಕ್ ಸೋಡಾ. ಎರಡೂ ಬೇಡ. ಆ ಗಳಿಗೆಗೆ ಕವರು ಬೆಳ್ಳಗೆ ಕಂಡರೂ ಲೋಹ ಒಳಗೊಳಗೇ ಸವೆದಿರುತ್ತದೆ. ಸ್ಕ್ರೂಗಳ ಸಂದಿಯಲ್ಲಿ ಉಳಿದ ದ್ರಾವಣ ತೊಳೆದ ಮೇಲೂ ತಿನ್ನುತ್ತಲೇ ಇರುತ್ತದೆ.

ಯಾವ ಗಾಡಿಗೆ ಈ ಕೆಲಸ ಒಪ್ಪುತ್ತದೆ ಎಂಬುದನ್ನು ಮೊದಲು ನೋಡಿಕೊಳ್ಳಬೇಕು. ಇಂದಿನ ಹಲವು ಗಾಡಿಗಳ ಕವರಿಗೆ ಬೆಳ್ಳಿ ಬಣ್ಣವನ್ನೋ ಕಪ್ಪು ಬಣ್ಣವನ್ನೋ ಹೊಡೆದಿರುತ್ತಾರೆ. ಅವಕ್ಕೆ ಬಣ್ಣವೇ ಮದ್ದು, ಪಾಲಿಶ್ ಅಲ್ಲ. ಲೋಹವನ್ನೇ ಉಜ್ಜಿ ಹೊಳಪಿಸಿದ ಕವರು ಹಳೆಯ ಬುಲೆಟ್ಟಿನದು, ಅದಕ್ಕಿಂತ ಮುಖ್ಯವಾಗಿ ನಮ್ಮದೇ ನಾಡಿನ ಜಾವಾ, ಯೆಜ್ಡಿಗಳದು. ರುಸ್ತುಂ ಇರಾನಿ, ಫಾರುಖ್ ಇರಾನಿ ಅವರು ಕಟ್ಟಿದ ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ 1961ರಲ್ಲಿ ಚೆಕ್ ತಂತ್ರಜ್ಞಾನದ ಗಾಡಿಗಳನ್ನು ತಯಾರಿಸತೊಡಗಿತು. 1970ರ ದಶಕದಲ್ಲಿ ಅವು ಯೆಜ್ಡಿ ಎಂಬ ಹೆಸರು ಪಡೆದವು; 1996ರಲ್ಲಿ ಕಾರ್ಖಾನೆ ಮುಚ್ಚಿತು. ಒಂದೇ ಸಿಲಿಂಡರಿಗೆ ಎರಡು ಸೈಲೆನ್ಸರ್, ಕಿಕ್ಕರಿಗೂ ಗೇರಿಗೂ ಒಂದೇ ಲಿವರ್, ಎರಡೂ ಮಗ್ಗುಲಿಗೆ ಉಬ್ಬಿದ ನುಣುಪಾದ ಕವರು: ಈ ಎಂಜಿನ್ನಿನ ಚೆಲುವು ಇರುವುದೇ ಆ ಉಬ್ಬಿನಲ್ಲಿ. ಕಾರ್ಖಾನೆ ಮುಚ್ಚಿ ದಶಕಗಳೇ ಕಳೆದಿರುವಾಗ ಮೈಸೂರಿನ ಮೂಲ ಎರಕದ ಒಂದೊಂದು ಕವರನ್ನೂ ಎಸೆಯದೆ ಉಳಿಸಿಕೊಳ್ಳಬೇಕು.

ಕವರು ಬಿಚ್ಚುವ ಹಂತದಲ್ಲೇ ಅರ್ಧ ಅನಾಹುತ ನಡೆಯುತ್ತದೆ. ಅಲ್ಯುಮಿನಿಯಂನೊಳಗೆ ಉಕ್ಕಿನ ಸ್ಕ್ರೂ ವರ್ಷಗಟ್ಟಲೆ ಕೂತು, ನಡುವೆ ತೇವ ಸೇರಿದರೆ ಎರಡೂ ಲೋಹ ಒಂದಕ್ಕೊಂದು ಕಚ್ಚಿಕೊಳ್ಳುತ್ತವೆ. ಸಾದಾ ಸ್ಕ್ರೂ ಡ್ರೈವರಿನಿಂದ ಜೋರು ಮಾಡಿದರೆ ಸ್ಕ್ರೂವಿನ ತಲೆ ಕಿತ್ತುಹೋಗುತ್ತದೆ, ಇಲ್ಲವೇ ಎಂಜಿನ್ನಿನ ಥ್ರೆಡ್ ಹರಿಯುತ್ತದೆ. ಹಿಂದಿನ ರಾತ್ರಿಯೇ ತುಕ್ಕು ಬಿಡಿಸುವ ಎಣ್ಣೆ ಬಿಟ್ಟು, ಬೆಳಗ್ಗೆ ಕುದಿನೀರು ಸುರಿದು ಆ ಭಾಗವನ್ನು ಬಿಸಿ ಮಾಡಿ, ಸುತ್ತಿಗೆಯಿಂದ ಹೊಡೆದು ತಿರುಗಿಸುವ ಇಂಪ್ಯಾಕ್ಟ್ ಡ್ರೈವರ್ ಬಳಸುವುದು ಸರಿಯಾದ ದಾರಿ. ಬಿಸಿಗೆ ಅಲ್ಯುಮಿನಿಯಂ ಉಕ್ಕಿಗಿಂತ ಸುಮಾರು ಎರಡು ಪಟ್ಟು ಹಿಗ್ಗುತ್ತದೆ, ಹಾಗಾಗಿ ಹಿಡಿತ ಸಡಿಲವಾಗುತ್ತದೆ. ಪೆಟ್ರೋಲ್ ಟ್ಯಾಂಕಿನ ಕೆಳಗೆ ಬೆಂಕಿ ಹಿಡಿಯುವ ಮಾತೇ ಬೇಡ. ಜಾವಾದ ಎಡಗಡೆಯ ಕವರಿನೊಳಗೆ ಪ್ರೈಮರಿ ಚೈನು, ಕ್ಲಚ್ಚು ಇರುವುದರಿಂದ ಮೊದಲು ಗೇರ್ ಆಯಿಲ್ ಇಳಿಸಬೇಕು. ಬಿಚ್ಚಿದ ಸ್ಕ್ರೂಗಳನ್ನು ರಟ್ಟಿನ ಮೇಲೆ ಕವರಿನ ಆಕಾರ ಬರೆದು, ಅವವುಗಳ ಜಾಗದಲ್ಲೇ ಚುಚ್ಚಿಟ್ಟರೆ ಉದ್ದ-ಗಿಡ್ಡ ಅದಲುಬದಲಾಗುವುದಿಲ್ಲ.

ಚಿಮಣಿ ಎಣ್ಣೆಯಲ್ಲೋ ಡೀಸೆಲ್‌ನಲ್ಲೋ ಜಿಡ್ಡು ಬಿಡಿಸಿ, ಪಾತ್ರೆ ತೊಳೆಯುವ ಮೆದು ಸೋಪಿನ ನೀರಿನಲ್ಲಿ ತೊಳೆದು ಒಣಗಿಸಿದ ಮೇಲೆ ಕವರಿನ ನಿಜಸ್ಥಿತಿ ಕಾಣುತ್ತದೆ. ಕೆಲವು ಕವರಿನ ಮೇಲೆ ಹಳದಿಗಟ್ಟಿದ ಲ್ಯಾಕರ್ ಉಳಿದಿರುತ್ತದೆ. ಪೇಂಟ್ ರಿಮೂವರ್ ಹಚ್ಚಿ ಅದನ್ನು ಪೂರಾ ತೆಗೆಯಬೇಕು, ಅದೂ ಬಯಲಿನಲ್ಲಿ, ಕೈಗವಸು ಹಾಕಿಕೊಂಡು.

ಇನ್ನು ಉಜ್ಜುವ ಕೆಲಸ. ಬಹಳ ಮಂದಿ ಎಡವುವುದು ಇಲ್ಲಿಯೇ: ಅಂಗಡಿಯಿಂದ ಪಾಲಿಶ್ ಪೇಸ್ಟ್ ತಂದು ಮಂಕಾದ ಕವರಿಗೆ ನೇರವಾಗಿ ತಿಕ್ಕುತ್ತಾರೆ. ಗೀರು, ಕುಳಿಗಳ ಮೇಲೆಯೇ ಹೊಳಪು ಬರುತ್ತದೆ, ಅಷ್ಟೆ. ಹೊಳಪು ಹಚ್ಚುವ ಮದ್ದಿನಿಂದ ಬರುವುದಲ್ಲ, ಗೀರುಗಳು ಸಣ್ಣದಾಗುತ್ತ ಹೋಗುವುದರಿಂದ ಬರುವುದು. 220ನೇ ನಂಬರಿನ ವಾಟರ್ ಪೇಪರಿನ ಹರಳು ಸುಮಾರು 68 ಮೈಕ್ರಾನ್, 1000ದ್ದು 18, 2000ದ್ದು 10. ಬೆಳಕಿನ ಅಲೆಯ ಉದ್ದ ಒಂದು ಮೈಕ್ರಾನಿಗಿಂತಲೂ ಕಡಿಮೆ. ಮೇಲ್ಮೈಯ ಏರಿಳಿತ ಆ ಅಳತೆಗೂ ಕೆಳಗಿಳಿದಾಗ ಮಾತ್ರ ಲೋಹದಲ್ಲಿ ಮುಖ ಕಾಣುತ್ತದೆ. ಆ ಕೊನೆಯ ಇಳಿಕೆಯಷ್ಟೇ ಪೇಸ್ಟಿನ ಪಾಲಿನ ಕೆಲಸ.

ಕುಳಿ ಆಳವಾಗಿದ್ದರೆ 220ರಿಂದ, ಇಲ್ಲದಿದ್ದರೆ 400ರಿಂದ ಶುರು ಮಾಡಿ 600, 800, 1000, 1500, 2000 ಎಂದು ಏರಬೇಕು. ಪೇಪರನ್ನು ನೀರಲ್ಲಿ ನೆನೆಸಿ, ಒಂದು ಹನಿ ಸೋಪು ಬೆರೆಸಿದರೆ ಲೋಹದ ಪುಡಿ ತೊಳೆದುಹೋಗಿ ಪೇಪರು ಕಟ್ಟುವುದಿಲ್ಲ. ಹೊಲವನ್ನು ಒಮ್ಮೆ ಉದ್ದಕ್ಕೆ ಹರಗಿ ಮತ್ತೊಮ್ಮೆ ಅಡ್ಡಕ್ಕೆ ಹರಗುವ ಹಾಗೆ ಪ್ರತಿ ನಂಬರಿಗೂ ಕೈಯ ದಿಕ್ಕು ಬದಲಿಸಬೇಕು. ಆಗ ಹಿಂದಿನ ಪೇಪರಿನ ಗೀರು ಒಂದು ಉಳಿದಿದ್ದರೂ ಅಡ್ಡಲಾಗಿ ಎದ್ದು ಕಾಣುತ್ತದೆ. ಅದು ಹೋಗುವ ತನಕ ಮುಂದಿನ ನಂಬರಿಗೆ ಕೈ ಹಾಕಬಾರದು. 400ರಲ್ಲಿ ಉಳಿಸಿದ ಗೀರನ್ನು 1500ರಲ್ಲಿ ತೆಗೆಯಲು ಹೋದರೆ ತೋಳು ಸೋಲುತ್ತದೆಯೇ ಹೊರತು ಗೀರು ಹೋಗುವುದಿಲ್ಲ. ಹಾಗಾಗಿ ಹೆಚ್ಚು ಹೊತ್ತು ಕೊಡಬೇಕಾದದ್ದು ಮೊದಲ ಎರಡು ಪೇಪರಿಗೆ. ಉಬ್ಬಿದ ಜಾಗದಲ್ಲಿ ಪೇಪರನ್ನು ಅಂಗೈಯಗಲದ ರಬ್ಬರ್ ತುಂಡಿಗೆ ಸುತ್ತಿ ಹಿಡಿಯಬೇಕು. ಬರಿ ಬೆರಳಿನಿಂದ ಒತ್ತಿದರೆ ಬೆರಳಿನ ಜಾಗ ತಗ್ಗಾಗಿ, ಹೊಳಪು ಬಂದ ಮೇಲೆ ಅಲೆಅಲೆಯಾಗಿ ತೋರುತ್ತದೆ. ಪ್ಯಾಕಿಂಗ್ ಕೂಡುವ ಅಂಚನ್ನು ಮಾತ್ರ ಪೇಪರಿನಿಂದ ಮುಟ್ಟಲೇಬಾರದು. ಅದು ಕೂದಲೆಳೆಯಷ್ಟು ಸವೆದರೂ ಎಣ್ಣೆ ಸೋರುತ್ತದೆ.

ಕೈಯ ಬದಲು ಯಂತ್ರಕ್ಕೆ ಬಟ್ಟೆಯ ಚಕ್ರ ಕಟ್ಟಿ ಬಫಿಂಗ್ ಮಾಡಿದರೆ ದಿನಗಳ ಕೆಲಸ ತಾಸಿನಲ್ಲಿ ಮುಗಿಯುತ್ತದೆ, ಅಪಾಯವೂ ಅದೇ ವೇಗದಲ್ಲಿ ಬರುತ್ತದೆ. ತಿರುಗುವ ಚಕ್ರಕ್ಕೆ ಕವರಿನ ಅಂಚು ಸಿಕ್ಕರೆ ಕೈಯಿಂದ ಕಿತ್ತು ಎಸೆಯುತ್ತದೆ. ಅದಕ್ಕೇ ಚಕ್ರದ ನಡುಮಟ್ಟಕ್ಕಿಂತ ಕೆಳಗೆ, ಅಂಚು ಕೆಳಮುಖವಾಗಿರುವಂತೆ ಹಿಡಿಯುತ್ತಾರೆ. ಇಲ್ಲಿ ಬಟ್ಟೆಯ ಕೈಗವಸು ಬೇಡ, ಸಡಿಲ ತೋಳಿನ ಅಂಗಿ ಬೇಡ; ಕನ್ನಡಕ, ಮಾಸ್ಕ್ ಇರಲೇಬೇಕು. ಅಲ್ಯುಮಿನಿಯಂನ ನುಣ್ಣನೆಯ ಪುಡಿಗೆ ಬೆಂಕಿ ಹಿಡಿಯುತ್ತದೆ. ಕಬ್ಬಿಣ ಉಜ್ಜಿದ ಗ್ರೈಂಡರಿನ ತುಕ್ಕು ಅದರೊಂದಿಗೆ ಕಲೆತಾಗ ಕಿಡಿ ಬಿದ್ದರಂತೂ ಆ ಉರಿ ಬಹಳ ತೀವ್ರ. ಎರಡಕ್ಕೂ ಒಂದೇ ಚಕ್ರ ಬಳಸದಿರುವುದು ಕಟ್ಟುನಿಟ್ಟಿನ ನಿಯಮವಾಗಬೇಕು.

ಪಾಲಿಶ್ ಪೇಸ್ಟಿನಲ್ಲೂ ಬಫಿಂಗ್ ಬತ್ತಿಯಲ್ಲೂ ಇರುವ ಬಿಳಿ ಪುಡಿ ಹಲವು ವೇಳೆ ಅಲ್ಯುಮಿನಾ, ಅಂದರೆ ಅಲ್ಯುಮಿನಿಯಂನದೇ ಆಕ್ಸೈಡು. ಮೋಸ್ ಗಡಸುತನದ ಅಳತೆಯಲ್ಲಿ ಲೋಹ 3ರ ಆಸುಪಾಸಿನಲ್ಲಿದ್ದರೆ ಅದರ ಆಕ್ಸೈಡಿನ ಹರಳು 9ರಲ್ಲಿದೆ. ಅದಕ್ಕಿಂತ ಮೇಲಿರುವುದು ವಜ್ರ. ಬೆಳಗಾವಿಯ ಹಿಂಡಾಲ್ಕೊ ಕಾರ್ಖಾನೆ ತಯಾರಿಸುವ ವಿಶೇಷ ದರ್ಜೆಯ ಅಲ್ಯುಮಿನಾ ಉಜ್ಜುವ ಸಾಮಗ್ರಿಗಳಿಗೂ ಬಳಕೆಯಾಗುತ್ತದೆ.

ಯಂತ್ರ ಸಿಕ್ಕಿತೆಂದು ಎಲ್ಲವನ್ನೂ ಕನ್ನಡಿ ಮಾಡಲು ಹೊರಡುವುದು ಈಗಿನ ಚಟ. ಹೆಚ್ಚು ಬಫ್ ಮಾಡಿದ ಕವರಿನ ಅಂಚುಗಳು ದುಂಡಗಾಗುತ್ತವೆ, ಎರಕದಲ್ಲೇ ಮೂಡಿದ ಅಕ್ಷರ, ಚಿಹ್ನೆಗಳು ಮಾಸುತ್ತವೆ, ಸ್ಕ್ರೂ ತೂತಿನ ಸುತ್ತ ಹಳ್ಳ ಬೀಳುತ್ತದೆ. ಒಮ್ಮೆ ಸವೆದ ಅಕ್ಷರವನ್ನು ಯಾವ ಮಿಸ್ತ್ರಿಯೂ ಮರಳಿ ತರಲಾರ. ಅಲ್ಲಿ ಇಲ್ಲಿ ಒಂದು ಕುಳಿ ಉಳಿದರೂ ಚಿಂತೆಯಿಲ್ಲ, ಅಕ್ಷರ ಉಳಿಯಬೇಕು. 1000ದ ಪೇಪರಿಗೆ ನಿಲ್ಲಿಸಿ, ಕೈಯಿಂದ ಮೆಲ್ಲಗೆ ಪೇಸ್ಟ್ ತಿಕ್ಕಿದ ಸೌಮ್ಯ ಹೊಳಪು ಹಳೆಯ ಗಾಡಿಗೆ ಕನ್ನಡಿಗಿಂತ ಹೆಚ್ಚು ಒಪ್ಪುತ್ತದೆ. ಅದರ ಮೇಲೆ ಹೊಸ ಗೀರು ಬಿದ್ದರೂ ಬೇಗ ಕಾಣುವುದಿಲ್ಲ. ಒಡೆದ ಕವರು, ತೂತು ಬಿದ್ದ ಕವರಿಗೆ ಮಾತ್ರ ಮನೆಯ ಮದ್ದಿಲ್ಲ. ಆರ್ಗಾನ್ ವೆಲ್ಡಿಂಗ್ ಬಲ್ಲವರ ಹತ್ತಿರ ಹೋಗಬೇಕು.

ಹೊಳಪಿಸಿದ ಬರಿ ಲೋಹಕ್ಕೆ ಕಾವಲು ಬೇಕು. ಲ್ಯಾಕರ್ ಹೊಡೆದರೆ ಕೆಲಕಾಲ ನಿಶ್ಚಿಂತೆ. ಆದರೆ ಕಲ್ಲು ತಾಗಿ ಒಂದು ಕಡೆ ಒಡೆದರೆ ತೇವ ಅಲ್ಲಿಂದ ನುಸುಳಿ ಲ್ಯಾಕರಿನಡಿಯಲ್ಲೇ ಬಿಳಿ ಎಳೆಗಳಾಗಿ ಹಬ್ಬುತ್ತದೆ. ಆಗ ಎಲ್ಲವನ್ನೂ ಕಿತ್ತು ಮೊದಲಿನಿಂದ ಮಾಡಬೇಕು. ಕಾರಿಗೆ ಹಚ್ಚುವ ಮೇಣ ಬೇಗ ಹೋಗುತ್ತದೆ, ಅಷ್ಟೇ ಸುಲಭವಾಗಿ ಮತ್ತೆ ಹಚ್ಚಬಹುದು. ಹೊಲಕ್ಕೆ ಹೋಗಿಬರುವ ಗಾಡಿಗೆ ಮೇಣವೇ ಸರಿ.

ಮರುಜೋಡಿಸುವ ಮುನ್ನ ಕವರಿನ ಒಳಬದಿಯನ್ನೂ ಎಣ್ಣೆ ಹರಿಯುವ ತೂತುಗಳನ್ನೂ ಡೀಸೆಲ್‌ನಲ್ಲಿ ತೊಳೆದು ಗಾಳಿ ಹೊಡೆಯಬೇಕು. ಪಾಲಿಶಿನ ಒಂದು ಚಿಟಿಕೆ ಪುಡಿ ಉಳಿದರೂ ಬೇರಿಂಗನ್ನು ಅದು ಉಜ್ಜದೆ ಬಿಡದು. ಹೊಸ ಪ್ಯಾಕಿಂಗ್ ಇಟ್ಟು, ಸ್ಕ್ರೂಗಳಿಗೆ ಚೂರು ಗ್ರೀಸ್ ಸವರಿ, ಒಂದು ಮೂಲೆಯಿಂದ ಎದುರು ಮೂಲೆಗೆ ಹೋಗುತ್ತ ಸ್ವಲ್ಪಸ್ವಲ್ಪವೇ ಬಿಗಿಯಬೇಕು. ಗೇರ್ ಆಯಿಲ್ ತುಂಬಿ, ಎಂಜಿನ್ ಹತ್ತು ನಿಮಿಷ ಓಡಿಸಿ, ಪೂರ್ತಿ ಆರಿದ ಮೇಲೆ ಕವರಿನ ಕೆಳಗಂಚಿಗೆ ಬೆರಳಾಡಿಸಿ ಎಣ್ಣೆ ಜಿನುಗಿದೆಯೇ ನೋಡಿ, ಸ್ಕ್ರೂಗಳ ಬಿಗಿಯನ್ನು ಇನ್ನೊಮ್ಮೆ ಪರೀಕ್ಷಿಸಿದರೆ ಗಾಡಿ ರಸ್ತೆಗಿಳಿಯಬಹುದು.