ಗೀಚಿದಂತೆ ಕಾಣುವ ಮಿಸ್ಟ್ರಲ್

ಮಿಸ್ಟ್ರಲ್ ನಮ್ಮ ಡಿಟಿಪಿ ಅಂಗಡಿಗಳಿಗೆ ಹೊಸದಲ್ಲ. ಎಂ.ಎಸ್. ಆಫೀಸ್ ಜೊತೆಗೇ ಕಂಪ್ಯೂಟರಿಗೆ ಬಂದು ಕೂತ ಈ ಇಂಗ್ಲಿಷ್ ಫಾಂಟು ಯಾರೋ ಅವಸರದಲ್ಲಿ ಗೀಚಿದಂತಿದೆ. ಆದರೆ ಇದು ಕಂಪ್ಯೂಟರಿನ ಕೂಸಲ್ಲ. ಫ್ರಾನ್ಸಿನ ಮಾರ್ಸೇಲ್ ನಗರದ ‘ಫೋಂಡ್ರಿ ಒಲೀವ್’ ಎಂಬ ಅಚ್ಚುಮೊಳೆ ಕಾರ್ಖಾನೆ 1953ರಲ್ಲಿ ಇದನ್ನು ಲೋಹದಲ್ಲಿ ಎರಕ ಹೊಯ್ದು ಮಾರುಕಟ್ಟೆಗೆ ತಂದಿತು. ರೂಪಿಸಿದವರು ರೋಜರ್ ಎಕ್ಸ್‌ಕೊಫಾನ್; ಆಧಾರ ಅವರದೇ ಕೈಬರಹ, ಹೆಸರು ಆ ಸೀಮೆಯಲ್ಲಿ ಬೀಸುವ ಚಳಿಗಾಳಿಯದು.

ಕೈಯಲ್ಲಿ ಬರೆಯುವಾಗ ಅಕ್ಷರಕ್ಕೆ ಅಕ್ಷರ ತಾನಾಗಿ ಕೂಡಿಕೊಳ್ಳುತ್ತದೆ. ಅಚ್ಚುಮೊಳೆಯಲ್ಲಿ ಹಾಗಲ್ಲ, ಪ್ರತಿಯೊಂದೂ ಬಿಡಿ ತುಂಡು. ಮೊಳೆ ಜೋಡಿಸುವವನು ಯಾವುದರ ಪಕ್ಕ ಯಾವುದನ್ನಿಟ್ಟರೂ ಗೆರೆ ಕಡಿಯಬಾರದು. ಅಂದರೆ ಒಂದು ಅಕ್ಷರದ ಬಾಲ ಮೊಳೆಯ ಬಲ ಅಂಚಿನಲ್ಲಿ ಯಾವ ಎತ್ತರಕ್ಕೆ ಮುಗಿಯಿತೋ, ಮುಂದಿನದು ಕರಾರುವಾಕ್ಕಾಗಿ ಅಲ್ಲಿಂದಲೇ ಶುರುವಾಗಬೇಕು. ಇಷ್ಟು ಕಟ್ಟುಪಾಡಿನಲ್ಲಿ ಬರಹ ಕಾಪಿಪುಸ್ತಕದಂತೆ ಸಪ್ಪೆಯಾಗುವುದೇ ಹೆಚ್ಚು. ಎಕ್ಸ್‌ಕೊಫಾನ್ ಬೇರೆ ಕಡೆ ಕೈ ಸಡಿಲ ಬಿಟ್ಟರು. ಒಂದು ಅಕ್ಷರ ಕೆಳಕ್ಕೆ ಜಾರುತ್ತದೆ, ಇನ್ನೊಂದು ಮೇಲಕ್ಕೆ ಜಿಗಿಯುತ್ತದೆ. ದೊಡ್ಡದು ಮಾಡಿ ನೋಡಿದರೆ ಗೆರೆಯ ಅಂಚೂ ನುಣುಪಾಗಿಲ್ಲ. ಮಸಿ ಒಣಗುತ್ತ ಬಂದ ಕುಂಚದ ತರಿತರಿ ಅಲ್ಲಿದೆ. ಗೀಚಿದ್ದು ಎನ್ನಿಸಲು ಪಟ್ಟ ಪಾಡು ಇದು!

ಫ್ರಾನ್ಸಿನಲ್ಲಿ ಅಂಗಡಿ, ಹೋಟೆಲುಗಳ ಬೋರ್ಡಿನ ಮೇಲೆ ಮಿಸ್ಟ್ರಲ್ ಹೇರಳವಾಗಿ ಕಾಣುತ್ತದೆ. 2011ರ ‘ಡ್ರೈವ್’ ಸಿನಿಮಾ ತನ್ನ ಟೈಟಲ್ ಕಾರ್ಡಿಗೆ ಇದನ್ನೇ ಗುಲಾಬಿ ಬಣ್ಣದಲ್ಲಿ ಬಳಸಿ ಹೊಸ ತಲೆಮಾರಿಗೆ ಪರಿಚಯಿಸಿತು. ನಾಲ್ಕಾರು ಪದಗಳ ಶೀರ್ಷಿಕೆ, ಸಹಿಯಂತೆ ಕಾಣಬೇಕಾದ ಹೆಸರು, ಆಹ್ವಾನಪತ್ರದ ಒಂದು ಸಾಲು: ಇಷ್ಟಕ್ಕೆ ಅದು ಸೊಗಸು. ಪ್ಯಾರಾಗಟ್ಟಲೆ ಓದಲು ಕೊಟ್ಟರೆ ಕಣ್ಣು ಸೋಲುತ್ತದೆ. ನಮ್ಮ ಬ್ಯಾನರುಗಳಲ್ಲಿ ಇಂಥ ಫಾಂಟಿನಲ್ಲೂ ಹೆಸರನ್ನು ಪೂರ್ತಿ ಕ್ಯಾಪಿಟಲ್‌ನಲ್ಲಿ ಹಾಕುವುದುಂಟು. ಕೂಡಿಕೊಳ್ಳುವಂತೆ ಬರೆದದ್ದು ಸಣ್ಣಕ್ಷರಗಳನ್ನು. ಬರೀ ದೊಡ್ಡಕ್ಷರಗಳು ಸಾಲಾಗಿ ನಿಂತರೆ ಜಗಳವಾಡಿ ಮುಖ ತಿರುಗಿಸಿದಂತಿರುತ್ತವೆ. ಅಕ್ಷರಗಳ ನಡುವಿನ ಅಂತರ ಹಿಗ್ಗಿಸಿದರಂತೂ ಮುಗಿಯಿತು, ಅಷ್ಟು ಕಷ್ಟಪಟ್ಟು ಕೂಡಿಸಿದ ಗೆರೆ ಪ್ರತಿ ಅಕ್ಷರದ ಬಳಿಯೂ ತುಂಡಾಗುತ್ತದೆ.

ಕನ್ನಡಕ್ಕೆ ಎಕ್ಸ್‌ಕೊಫಾನ್ ಉಪಾಯ ಒಗ್ಗುವುದಿಲ್ಲ. ನಮ್ಮ ಅಕ್ಷರಗಳು ಅಕ್ಕಪಕ್ಕದಲ್ಲಿ ಕೈ ಹಿಡಿಯುವುದಿಲ್ಲ. ಕೂಡಾಟವೆಲ್ಲ ಕೆಳಗಿನ ಒತ್ತಿನಲ್ಲಿ, ಮೇಲಿನ ಗುಡಿಸಿನಲ್ಲಿ. ಕೈಬರಹದ ಚೆಲುವು ತಲೆಕಟ್ಟಿನ ಬೀಸಿನಿಂದ, ಒತ್ತಿನ ಬಾಲದಿಂದ ಬರಬೇಕು. ಈಗಿನ ಓಪನ್‌ಟೈಪ್ ಫಾಂಟಿನಲ್ಲಿ ಒಂದೇ ಅಕ್ಷರಕ್ಕೆ ಎರಡು ಮೂರು ರೂಪ ಇಟ್ಟು, ‘ಮಮತಾ’ ಎಂದು ಟೈಪಿಸಿದಾಗ ಎರಡು ‘ಮ’ಗಳೂ ಬೇರೆ ಬೇರೆಯಾಗಿ ಮೂಡುವಂತೆ ಮಾಡಬಹುದು. ಆದರೆ ಗುಣಿತ, ಒತ್ತುಗಳನ್ನೆಲ್ಲ ಸೇರಿಸಿದರೆ ಬರೆಯಬೇಕಾದ ರೂಪಗಳ ಪಟ್ಟಿ ಇಂಗ್ಲಿಷಿನ 26ಕ್ಕಿಂತ ಎಷ್ಟೋ ಉದ್ದ. ಹೀಗಾಗಿ ಪುಸ್ತಕದ ಮುಖಪುಟಕ್ಕೆ, ಸಿನಿಮಾ ಟೈಟಲ್ಲಿಗೆ ಕಲಾವಿದರಿಂದ ಕೈಯಲ್ಲೇ ಬರೆಸುವ ರೂಢಿ ಕನ್ನಡದಲ್ಲಿ ಇನ್ನೂ ಇದೆ. ಅವರಿಗೆ ಇಡೀ ವರ್ಣಮಾಲೆಯ ಗೊಡವೆಯಿಲ್ಲ. ಆ ಹೆಸರಿನ ನಾಲ್ಕೈದು ಅಕ್ಷರ ಬರೆದರಾಯಿತು.