ಏದುಸಿರಿಗೂ ಅಳತೆಯುಂಟೆ?

ಕಾಗಿಣಾ ನದಿಯ ದಡದ ಮಳಖೇಡವು ರಾಷ್ಟ್ರಕೂಟರ ರಾಜಧಾನಿಯಾಗಿದ್ದುದನ್ನು ನಾವೆಲ್ಲರೂ ಇತಿಹಾಸದಲ್ಲಿ ಓದಿರುವೆವು. ಅದರ ನೆರೆಯ ಆದಿತ್ಯನಗರವು ಇಂದು ಸಿಮೆಂಟು ಕಾರ್ಖಾನೆಯ ಊರು. ಸೇಡಂ, ಚಿತ್ತಾಪುರ, ವಾಡಿ, ಶಹಾಬಾದಗಳ ನೆಲದಡಿಯಲ್ಲಿ ಸುಣ್ಣಕಲ್ಲು ಹೇರಳವಾಗಿದೆ. ಕಲ್ಲಿನ ಕೆಲಸವುಳ್ಳ ಸೀಮೆ ಯಾವುದೇ ಆಗಲಿ, ಅಲ್ಲಿ ಧೂಳು ತಪ್ಪದು. ಧೂಳು, ಬೀಡಿಯ ಹೊಗೆ, ಸೌದೆಯೊಲೆಯ ಹೊಗೆ ಇವನ್ನು ವರ್ಷಾನುಗಟ್ಟಲೆ ಸೇವಿಸಿದವರಲ್ಲಿ ಕೆಲವರ ಶ್ವಾಸನಾಳಗಳು ಕಿರಿದಾಗುವುವು. ಈ ವ್ಯಾಧಿಯನ್ನು ವೈದ್ಯರು ಸಿ.ಓ.ಪಿ.ಡಿ. ಎಂದು ಕರೆಯುವರು. ಇದು ಪೂರ್ಣವಾಗಿ ಗುಣವಾಗತಕ್ಕುದಲ್ಲ. ಆದುದರಿಂದ ರೋಗಿಯ ಬಾಳನ್ನು ಹಸನುಗೊಳಿಸುವುದು ಚಿಕಿತ್ಸೆಯ ಒಂದು ಮುಖ್ಯ ಗುರಿ. ಆದರೆ ಬಾಳು ಹಸನಾಯಿತೆಂದು ತಿಳಿಯುವ ಬಗೆ ಹೇಗೆ?

1846ರಲ್ಲಿ ಲಂಡನ್ನಿನ ಜಾನ್ ಹಚಿನ್ಸನ್ ಎಂಬ ವೈದ್ಯನು, ಮನುಷ್ಯನು ಹೊರಬಿಡುವ ಉಸಿರನ್ನು ಅಳೆಯುವ ಸ್ಪೈರೋಮೀಟರನ್ನು ಲೋಕದ ಮುಂದಿಟ್ಟನು. ಆದರೆ ಈ ಯಂತ್ರಕ್ಕೆ ಶ್ವಾಸಕೋಶ ಗೊತ್ತೇ ಹೊರತು ಬಾಳು ಗೊತ್ತಿಲ್ಲ. ಒಂದೇ ಅಳತೆಯ ಉಸಿರುಳ್ಳ ಇಬ್ಬರಲ್ಲಿ ಒಬ್ಬನು ಸಂತೆಗೆ ನಡೆದು ಹೋಗಿ ಬರಬಹುದು; ಇನ್ನೊಬ್ಬನಿಗೆ ಸ್ನಾನವೇ ಪ್ರಯಾಸವಾಗಬಹುದು. ಈ ಭೇದವನ್ನು ರೋಗಿಯೇ ಹೇಳಬೇಕು. ಅದಕ್ಕಾಗಿ 2009ರಲ್ಲಿ ಎಂಟು ಪ್ರಶ್ನೆಗಳ ಒಂದು ಪಟ್ಟಿ ಸಿದ್ಧವಾಯಿತು. ಕೆಮ್ಮು ಎಷ್ಟು? ಮೆಟ್ಟಿಲೇರಿದರೆ ಏದುಸಿರೆಷ್ಟು? ನಿದ್ರೆ ಹೇಗೆ? ಒಂದೊಂದಕ್ಕೂ ಸೊನ್ನೆಯಿಂದ 5ರವರೆಗೆ ಅಂಕ, ಒಟ್ಟು 40. ಅಂಕ ಹೆಚ್ಚಿದಷ್ಟೂ ಬಾಳು ಕಷ್ಟ. ವಿಶ್ವ ಆರೋಗ್ಯ ಸಂಸ್ಥೆಯೂ ಎಲ್ಲ ಬಗೆಯ ಜನರಿಗೆ ಅನ್ವಯಿಸುವಂಥ 26 ಪ್ರಶ್ನೆಗಳ ಪಟ್ಟಿಯೊಂದನ್ನು ರಚಿಸಿದೆ.

ಇನ್ನು ಮೊಬೈಲ್ ಫೋನಿನ ಕೆಲಸವೇನು? ಮೂರು ತಿಂಗಳಿಗೊಮ್ಮೆ ಆಸ್ಪತ್ರೆಗೆ ಹೋಗುವ ರೋಗಿಯು ಸಾಮಾನ್ಯವಾಗಿ ಆ ದಿನದ ಪಾಡನ್ನಷ್ಟೇ ನೆನೆದು ಹೇಳುವನು. ಫೋನಾದರೋ ವಾರವಾರವೂ ಕೇಳಬಲ್ಲುದು. ಬೆರಳಿಗೆ ಸಿಕ್ಕಿಸುವ ಆಕ್ಸಿಮೀಟರು ಅದಕ್ಕೆ ಜೊತೆಗಾರ. ಆಮ್ಲಜನಕ ತುಂಬಿದ ರಕ್ತವು ಕೆಂಪು ಬೆಳಕನ್ನು ಹೆಚ್ಚಾಗಿ ಹಾಯಗೊಟ್ಟು ಅವಕೆಂಪು ಕಿರಣಗಳನ್ನು ಹೆಚ್ಚಾಗಿ ಹೀರುವುದು; ಈ ವ್ಯತ್ಯಾಸದಿಂದಲೇ ಅದು ಲೆಕ್ಕ ಹಾಕುವುದು. ಈ ಉಪಾಯವನ್ನು 1974ರಲ್ಲಿ ಜಪಾನಿನ ತಾಕುವೊ ಅವೊಯಾಗಿ ಪ್ರಕಟಿಸಿದನು. ಕಪ್ಪು ಚರ್ಮದವರಲ್ಲಿ ಈ ಉಪಕರಣವು ಕೆಲವೊಮ್ಮೆ ನಿಜಕ್ಕಿಂತ ಹೆಚ್ಚಿನ ಅಂಕೆ ತೋರುವುದೆಂದು 2020ರಲ್ಲಿ ಅಮೆರಿಕದ ವೈದ್ಯರು ಎಚ್ಚರಿಸಿದರು. ನಮ್ಮವರು ಇದನ್ನು ಮರೆಯಲಾಗದು.

ಹಾಗಾದರೆ ಅಳೆದ ಮಾತ್ರಕ್ಕೆ ಬಾಳು ಸುಧಾರಿಸುವುದೇ? ಎರಡು ಪ್ರಯೋಗಗಳನ್ನು ಪಕ್ಕಪಕ್ಕದಲ್ಲಿಟ್ಟು ನೋಡೋಣ. ಸ್ಕಾಟ್ಲೆಂಡಿನಲ್ಲಿ 256 ಮಂದಿ ಸಿ.ಓ.ಪಿ.ಡಿ. ರೋಗಿಗಳನ್ನು ಎರಡು ಗುಂಪಾಗಿ ಮಾಡಿ, ಇಬ್ಬರಿಗೂ ಒಂದೇ ಬಗೆಯ ಆರೈಕೆ ಕೊಟ್ಟು, ಒಂದು ಗುಂಪಿಗೆ ಮಾತ್ರ ಮನೆಯಿಂದಲೇ ವರದಿ ಕಳುಹಿಸುವ ಉಪಕರಣ ಒದಗಿಸಿದರು. 2013ರಲ್ಲಿ ಹೊರಬಿದ್ದ ಫಲಿತಾಂಶ: ಉಪಕರಣದಿಂದ ಆಸ್ಪತ್ರೆಗೆ ಸೇರುವುದೂ ತಡವಾಗಲಿಲ್ಲ, ಬಾಳೂ ಸುಧಾರಿಸಲಿಲ್ಲ. ನ್ಯೂಯಾರ್ಕಿನಲ್ಲಿ 766 ಕ್ಯಾನ್ಸರ್ ರೋಗಿಗಳ ಮೇಲೆ ನಡೆದ ಪ್ರಯೋಗದ ಫಲ 2016ರಲ್ಲಿ ಪ್ರಕಟವಾಯಿತು. ತಮ್ಮ ಬಾಧೆಗಳನ್ನು ಗಣಕಯಂತ್ರದಲ್ಲಿ ದಾಖಲಿಸಿದವರಲ್ಲಿ ನೂರಕ್ಕೆ 34 ಮಂದಿಯ ಬಾಳಿನ ಗುಣಮಟ್ಟವು ಸುಧಾರಿಸಿತು. ಉಳಿದ ಗುಂಪಿನಲ್ಲಿ 18 ಮಂದಿಯದು ಮಾತ್ರ. ಬಾಧೆ ಉಲ್ಬಣಿಸಿದೊಡನೆ ದಾದಿಯರಿಗೆ ಸಂದೇಶ ಹೋಗುತ್ತಿತ್ತು, ಅವರು ವಿಚಾರಿಸಿಕೊಳ್ಳುತ್ತಿದ್ದರು. ಗಣಕಯಂತ್ರದ ಅಭ್ಯಾಸವಿಲ್ಲದವರಿಗೇ ಲಾಭ ಹೆಚ್ಚಾಯಿತೆಂಬುದು ವಿಶೇಷ.

ವ್ಯಾಧಿಗಳು ಬೇರೆಯಾದುದರಿಂದ ಈ ಎರಡನ್ನು ನೇರವಾಗಿ ತೂಗಲಾಗದು. ಆದರೂ ಒಂದು ಮಾತು ಸ್ಪಷ್ಟ: ಜ್ವರಮಾಪಕವು ಜ್ವರವನ್ನು ಇಳಿಸದು. ಅಂಕೆಯನ್ನು ಓದಿ ತಕ್ಕುದನ್ನು ಮಾಡುವ ಮನುಷ್ಯನೊಬ್ಬನು ಬೇಕು. ಸಿ.ಓ.ಪಿ.ಡಿ. ರೋಗಿಗೆ ನಿಯತವಾದ ವ್ಯಾಯಾಮ ಹಾಗೂ ಉಸಿರಾಟದ ಶಿಕ್ಷಣದಿಂದ ನಿಶ್ಚಿತ ಲಾಭವುಂಟು. ಇಂಗ್ಲೆಂಡಿನಲ್ಲಿ 90 ರೋಗಿಗಳಲ್ಲಿ ಪರೀಕ್ಷಿಸಿದಾಗ, ಅಂತರ್ಜಾಲದ ಮೂಲಕ ಆರು ವಾರ ಕಲಿತವರು ಎದುರುಬದುರು ಕಲಿತವರಿಗಿಂತ ಹಿಂದೆ ಬೀಳಲಿಲ್ಲವೆಂದು 2017ರಲ್ಲಿ ತಿಳಿದುಬಂದಿತು. ಆದಿತ್ಯನಗರದಿಂದ ಕಲಬುರಗಿಯ ದೊಡ್ಡ ಆಸ್ಪತ್ರೆಗಳಿಗೆ ಸುಮಾರು 40 ಕಿಲೋಮೀಟರು. ಏದುಸಿರಿನವನಿಗೆ ಈ ದಾರಿ ಚಿಕ್ಕದಲ್ಲ. ದೂರದ ವೈದ್ಯರ ಸಲಹೆ ದೊರಕಿಸುವ ಸರ್ಕಾರದ ಇ-ಸಂಜೀವಿನಿ ವ್ಯವಸ್ಥೆಯು 2019ರಿಂದ ನಡೆದಿದೆ.

ವಿದ್ಯಾರ್ಥಿಗಳೇ, ನಿಮ್ಮ ಮನೆಯ ಹಿರಿಯರಿಗೆ ಇಂಥ ಪ್ರಶ್ನೆಗಳನ್ನು ಓದಿ ಹೇಳುವ ಸಂದರ್ಭ ಬಂದೀತು. ಆಗ ಅವರ ಉತ್ತರವನ್ನು ನೀವು ಊಹಿಸಿ ಬರೆಯಬೇಡಿರಿ. ಈ ಅಳತೆಗೋಲು ಅವರ ಕೈಯಲ್ಲಿಯೇ ಇರಬೇಕಾದುದು.