ಬೂತಾಯಿ ಬುಟ್ಟಿ ಹಾಗೇ ಉಳಿದ ದಿನ

ಒಂದು ಸಂಜೆ ನಮ್ಮ ಕಾರ್ಯಕ್ರಮದಲ್ಲಿ ಕೆಂಪು ಅಕ್ಷರದ ಒಂದು ಸಾಲು ಓಡ್ತಾ ಇತ್ತು: ‘ನಿಮ್ಮ ತಟ್ಟೆಯ ಮೀನಲ್ಲಿ ವಿಷ!’ ಅದನ್ನ ಗಂಟಲು ಏರಿಸಿ ಓದಿದವನು ನಾನೇ. ಮರುದಿನ ಮಲ್ಪೆಯಿಂದ ಫೋನ್ ಬಂತು. ಮೀನು ಮಾರುವ ಹೆಂಗಸು. ‘ಎಂತ ಮಾರಾಯ್ರೇ ನೀವು ಹೇಳಿದ್ದು? ಇವತ್ತು ಬೂತಾಯಿ ಬುಟ್ಟಿ ಹಾಗೇ ಉಂಟು. ಆ ಪ್ಲಾಸ್ಟಿಕ್ಕು ಸಮುದ್ರಕ್ಕೆ ನಾವು ಹಾಕಿದ್ದಾ?’

ನನ್ನ ಹತ್ತಿರ ಉತ್ತರ ಇರಲಿಲ್ಲ. ಇಂಜಿನಿಯರಿಂಗ್ ಓದಿದವನು, ಲೆಕ್ಕ ನೋಡದೆ ಹೆಡ್‌ಲೈನ್ ಓದಿದ್ದೆ. ಲೆಕ್ಕ ನೋಡಿದ್ದು ಆಮೇಲೆ.

5 ಮಿಲಿಮೀಟರಿಗಿಂತ ಚಿಕ್ಕ ಪ್ಲಾಸ್ಟಿಕ್ ಚೂರೇ ಮೈಕ್ರೋಪ್ಲಾಸ್ಟಿಕ್. ಈ ಹೆಸರು ಚಾಲ್ತಿಗೆ ಬಂದದ್ದು 2004ರಲ್ಲಿ, ಇಂಗ್ಲೆಂಡಿನ ಪ್ಲಿಮತ್ ವಿಶ್ವವಿದ್ಯಾಲಯದ ರಿಚರ್ಡ್ ಥಾಂಪ್ಸನ್ ತಂಡದ ಲೇಖನದಿಂದ. ಚೀಲ, ಬಾಟಲಿ, ಹಳೆ ನೈಲಾನ್ ಬಲೆ ಬಿಸಿಲಿಗೆ ಒಣಗಿ ಪುಡಿಯಾಗುತ್ತವೆ, ಅದು ಗೊತ್ತಿರೋದೇ. ಇದರ ಜೊತೆಗೆ ಪುಡಿಯಾಗಿಯೇ ಸಮುದ್ರ ಸೇರುವ ಪ್ಲಾಸ್ಟಿಕ್ಕೂ ಇದೆ. 2017ರ ಐಯುಸಿಎನ್ ಅಂದಾಜಿನ ಪ್ರಕಾರ ಅದರಲ್ಲಿ ಶೇ. 35 ಸಿಂಥೆಟಿಕ್ ಬಟ್ಟೆ ಒಗೆಯುವುದರಿಂದ, ಶೇ. 28 ವಾಹನಗಳ ಟೈರ್ ಸವೆತದಿಂದ ಬರುತ್ತೆ. ಅಂದರೆ ಆವತ್ತು ನಾನು ಹಾಕಿದ್ದ ಪಾಲಿಯೆಸ್ಟರ್ ಶರ್ಟಿನ ಪಾಲೂ ಇದೆ ಅನ್ನಿ. ಇನ್ನು ಅಪಘಾತಗಳು. 2025ರ ಮೇ 25ರಂದು ಕೊಚ್ಚಿ ಬಳಿ ‘ಎಂಎಸ್‌ಸಿ ಎಲ್ಸಾ 3’ ಹಡಗು ಮುಳುಗಿ, ಅಕ್ಕಿಕಾಳಿನಂಥ ಪ್ಲಾಸ್ಟಿಕ್ ಹರಳುಗಳು ತಿರುವನಂತಪುರದ ದಡಕ್ಕೆ ಬಂದು ಬಿದ್ದವು.

ಮೀನು ಇದನ್ನ ಆಹಾರ ಅಂತ ನುಂಗುತ್ತೆ. ನುಂಗಿದ್ದು ಬಹುಪಾಲು ಸಿಗುವುದು ಹೊಟ್ಟೆ, ಕರುಳಲ್ಲಿ. ನಾವು ತಿನ್ನುವ ಮಾಂಸದಲ್ಲಿ ಬಹಳ ಕಡಿಮೆ. ಬೂತಾಯಿ, ಬಂಗುಡೆಯ ತಲೆ ಕೊಯ್ದು ಹೊಟ್ಟೆ ತೆಗೆದು ತೊಳೆದರೆ ದೊಡ್ಡ ಪಾಲು ಅಲ್ಲೇ ಹೋಯ್ತು. ಇಡಿಯಾಗಿ ತಿನ್ನುವ ಒಣ ಸಿಗಡಿ, ಚಿಕ್ಕ ಒಣಮೀನು, ಮರುವಾಯಿ, ಪಚ್ಚಿಲೆ ವಿಷಯ ಬೇರೆ. ಚಿಪ್ಪಿನ ಜೀವಿಗಳಂತೂ ಬದುಕುವುದೇ ನೀರು ಸೋಸಿ. ಸೋಸಿದ್ದು ಒಳಗೇ ಉಳಿದಿರುತ್ತೆ.

ಎಷ್ಟು ಉಳಿದಿರುತ್ತೆ? ಯುರೋಪಿನ ಆಹಾರ ಸುರಕ್ಷತಾ ಪ್ರಾಧಿಕಾರ 2016ರಲ್ಲಿ ಲೆಕ್ಕ ಹಾಕಿತ್ತು: 225 ಗ್ರಾಂ ಪಚ್ಚಿಲೆಯಲ್ಲಿ ಸುಮಾರು 7 ಮೈಕ್ರೋಗ್ರಾಂ. ಒಂದು ಉಪ್ಪಿನ ಹರಳಿಗಿಂತ ಹಗುರ! ‘ವಾರಕ್ಕೊಂದು ಕ್ರೆಡಿಟ್ ಕಾರ್ಡ್ ತಿಂತೀವಿ’ ಅನ್ನೋ ಮಾತು ಕೇಳಿರ್ತೀರಿ, ನಾನೂ ಹೇಳಿದ್ದೇನೆ. ಅದು 5 ಗ್ರಾಂ. ಆಮೇಲೆ ಬಂದ ಲೆಕ್ಕಗಳು ಮೈಕ್ರೋಗ್ರಾಂಗೆ ಇಳಿದಿವೆ. ಸ್ಕಾಟ್ಲೆಂಡಿನ ವಿಜ್ಞಾನಿಗಳು 2018ರಲ್ಲಿ ಇನ್ನೊಂದು ವಿಷಯ ತೋರಿಸಿದರು: ಪಚ್ಚಿಲೆ ತಿಂದು ಒಳಗೆ ಹೋಗುವುದಕ್ಕಿಂತ, ಊಟಕ್ಕೆ ಕೂತಾಗ ಮನೆಯ ಧೂಳಿನಿಂದ ತಟ್ಟೆಗೆ ಬೀಳುವ ಎಳೆಗಳೇ ನೂರಾರು ಪಟ್ಟು ಹೆಚ್ಚು. ಮೀನು ಬಿಟ್ಟು ಬಾಟಲಿ ನೀರು ಕುಡಿಯುವವರಿಗೂ ಒಂದು ಸುದ್ದಿ: 2024ರಲ್ಲಿ ಅಮೆರಿಕದ ಕೊಲಂಬಿಯಾ ವಿಶ್ವವಿದ್ಯಾಲಯದ ತಂಡ ಒಂದು ಲೀಟರ್ ಬಾಟಲಿ ನೀರಿನಲ್ಲಿ ಸರಾಸರಿ 2.4 ಲಕ್ಷ ಕಣ ಎಣಿಸಿತು.

ಹಾಗಂತ ತಲೆಕೆಡಿಸಿಕೊಳ್ಳಬೇಡಿ ಅಂತಾನೂ ನಾನು ಹೇಳಲ್ಲ. 2022ರಲ್ಲಿ ಆಮ್‌ಸ್ಟರ್‌ಡ್ಯಾಮಿನ ಸಂಶೋಧಕರು 22 ಜನರ ರಕ್ತ ಪರೀಕ್ಷಿಸಿದರೆ 17 ಜನರಲ್ಲಿ ಪ್ಲಾಸ್ಟಿಕ್ ಸಿಕ್ಕಿತು. 2024ರ ಮಾರ್ಚಿನಲ್ಲಿ ಬಂದ ಇಟಲಿಯ ಅಧ್ಯಯನ ಇನ್ನೂ ಗಂಭೀರ. ಕುತ್ತಿಗೆಯ ರಕ್ತನಾಳದಲ್ಲಿ ಕಟ್ಟಿಕೊಂಡ ಕೊಬ್ಬನ್ನು ಆಪರೇಷನ್ ಮಾಡಿ ತೆಗೆಸಿಕೊಂಡ 257 ಜನರ ಪೈಕಿ 150 ಜನರ ಆ ಕೊಬ್ಬಿನಲ್ಲಿ ಪಾಲಿಥಿನ್ ಇತ್ತು. ಪ್ಲಾಸ್ಟಿಕ್ ಇದ್ದವರಲ್ಲಿ ಮುಂದಿನ ಮೂರು ವರ್ಷದೊಳಗೆ ಹೃದಯಾಘಾತ, ಪಾರ್ಶ್ವವಾಯು ಅಥವಾ ಸಾವಿನ ಅಪಾಯ ಇಲ್ಲದವರಿಗಿಂತ ಸುಮಾರು ನಾಲ್ಕೂವರೆ ಪಟ್ಟು. ಪ್ಲಾಸ್ಟಿಕ್ಕೇ ಕಾರಣ ಅಂತ ಅದು ಸಾಬೀತು ಮಾಡಿಲ್ಲ, ಎರಡೂ ಒಟ್ಟಿಗೆ ಕಂಡವು ಅಷ್ಟೇ. ಆ ಪ್ಲಾಸ್ಟಿಕ್ ಗಾಳಿಯಿಂದ ಬಂತೋ, ನೀರಿಂದ ಬಂತೋ, ಮೀನಿಂದ ಬಂತೋ, ಅದನ್ನೂ ಹೇಳಿಲ್ಲ. ಹೃದಯಕ್ಕೆ ಒಳ್ಳೆಯದು ಅಂತ ಡಾಕ್ಟರು ಹೇಳುವ ಒಮೇಗಾ-3 ಮಾತ್ರ ಅದೇ ಬೂತಾಯಿಯಲ್ಲಿ ಧಾರಾಳವಾಗಿ ಇದೆ.

ನಮ್ಮ ಆಹಾರದಲ್ಲಿ ಎಷ್ಟಿದೆ ಅಂತ ಅಳೆಯಲು ಎಫ್‌ಎಸ್‌ಎಸ್‌ಎಐ 2024ರಲ್ಲಿ ಒಂದು ಯೋಜನೆ ಶುರುಮಾಡಿತು. ಕೊಚ್ಚಿಯ ಮೀನುಗಾರಿಕಾ ತಂತ್ರಜ್ಞಾನ ಸಂಸ್ಥೆಯೂ ಅದರಲ್ಲಿದೆ. ಇಂತಿಷ್ಟು ದಾಟಬಾರದು ಅನ್ನುವ ಮಿತಿ ಹಾಕಬೇಕಾದರೆ ಮೊದಲು ಈ ಅಳತೆ ಆಗಬೇಕು.

ಆ ವಾರವೇ ಕಾರ್ಯಕ್ರಮದಲ್ಲಿ ಹೇಳಿದೆ: ಹೆಡ್‌ಲೈನ್ ತಪ್ಪಿತ್ತು, ಹೊಟ್ಟೆ ತೆಗೆದು ತೊಳೆದ ಬೂತಾಯಿ ತಿನ್ನಬಹುದು, ನಾನೂ ತಿಂತೀನಿ. ವಿಷದ ಸುದ್ದಿ ಅರ್ಧ ಗಂಟೆ ಓಡಿತ್ತು. ಈ ಮಾತಿಗೆ ಸಿಕ್ಕಿದ್ದು ನಲವತ್ತು ಸೆಕೆಂಡ್. ಮಲ್ಪೆಗೆ ಫೋನ್ ಮಾಡಿದೆ. ‘ನಾನು ನೋಡಲಿಲ್ಲ ಮಾರಾಯ್ರೇ’ ಅಂದರು, ‘ಆ ಹೊತ್ತಿಗೆ ಮೀನು ಮಾರಲಿಕ್ಕೆ ಹೋಗಿದ್ದೆ.’